ತೊಗರಿ ಬೇಳೆ ಕೆಜಿಗೆ ಎಷ್ಟು ಅಂದ್ರೆ ಹೇಳೋಕೆ ಬರಲಿಲ್ಲ, ಇದು ನನ್ನ ತಪ್ಪಾ?

ಪ್ರಶ್ನೆ:

ಸರ್, ನಾವು ಮೈಸೂರಿನವರು. ನನಗೆ 36 ವರ್ಷ. ನಾನೂ ಯಜಮಾನರೂ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅತ್ತೆ, ಮಾವ, 9 ವರ್ಷದ ಮಗಳು ಸೇರಿ ಮನೆಯಲ್ಲಿ ಐದು ಜನ. ದಿನಸಿ ಎಲ್ಲ ಫೋನಿನಲ್ಲೇ ತರಿಸುತ್ತೇನೆ. ಮೊನ್ನೆ ಊರಿಂದ ಬಂದಿದ್ದ ಸೋದರಮಾವ ಊಟಕ್ಕೆ ಕೂತಾಗ "ಬೇಳೆ ಈಗ ಎಷ್ಟಮ್ಮ ಕೆಜಿಗೆ?" ಅಂತ ಸುಮ್ನೆ ಕೇಳಿದರು. ನನಗೆ ಗೊತ್ತಿರಲಿಲ್ಲ. ತೊಂಬತ್ತಿರಬೇಕು ಅಂದೆ. ಅವರು ನಕ್ಕರು. ಅತ್ತೆ "ಅದಕ್ಕೇ ಬಿಲ್ಲು ಹಂಗೆ ಏರ್ತಾ ಇರೋದು" ಅಂದುಬಿಟ್ಟರು. ಅವತ್ತಿಂದ ಮನಸ್ಸಿಗೆ ಒಂಥರಾ ಆಗಿದೆ. 2022ರ ಮಾರ್ಚ್‌ನಲ್ಲಿ 5,800 ರೂಪಾಯಿ ಇದ್ದ ತಿಂಗಳ ದಿನಸಿ ಈಗ 9,600 ಆಗಿದೆ. ಯಜಮಾನರು ಬೆಲೆ ಏರಿಕೆ ಅಂತಾರೆ. ಆದರೆ 2025ರ ಅಕ್ಟೋಬರ್‌ನಲ್ಲಿ ಬೆಲೆ ಏರಿಕೆ ಹೆಚ್ಚೂಕಡಿಮೆ ಸೊನ್ನೆ ಅಂತ ಪೇಪರಿನಲ್ಲಿ ಓದಿದ ನೆನಪು. ಅದು ಸುಳ್ಳಾ? ಅತ್ತೆ ಸಗಟು ಅಂಗಡಿಗಳಿರುವ ಸಂತೇಪೇಟೆಗೆ ಹೋಗಿ ವರ್ಷಕ್ಕಾಗುವಷ್ಟು ಒಟ್ಟಿಗೆ ತರೋಣ ಅಂತಾರೆ. ನನಗೆ ಲೂಸ್ ಸಾಮಾನು ಅಂದ್ರೆ ಕಲಬೆರಕೆ ಭಯ. ಏನು ಮಾಡಲಿ? ಅವಾಗಿನ ಬಿಲ್ಲು, ಈಗಿನ ಬಿಲ್ಲು ಎರಡೂ ಕಳಿಸಿದ್ದೇನೆ. ಇನ್ನೊಂದು, ಇದನ್ನೆಲ್ಲ ಮಗಳಿಗೂ ಕಲಿಸಬೇಕಾ?

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕೈದು ಇವೆ, ಆದರೆ ಚುಚ್ಚುತ್ತಿರುವುದು ಊಟದ ಹೊತ್ತಿನ ಆ ಮಾತು. ಅದರಿಂದಲೇ ಶುರು ಮಾಡುತ್ತೇನೆ.

ನೀವು ತೊಂಬತ್ತು ಅಂದಿದ್ದು ಎಲ್ಲಿಂದ ಬಂತು ಅಂತ ನಿಮ್ಮ ಬಿಲ್ಲಿನಲ್ಲಿ ಹುಡುಕಿದೆ. ಸಿಕ್ಕಿತು. ತೊಗರಿ ಬೇಳೆ, 500 ಗ್ರಾಂ, 89 ರೂಪಾಯಿ. ಅಂಥ ಆರು ಪ್ಯಾಕೆಟ್. ಅಂದರೆ ನಿಮಗೆ ಬೆಲೆ ಗೊತ್ತಿತ್ತು. ಗೊತ್ತಿದ್ದುದು ಪ್ಯಾಕೆಟ್ಟಿನ ಬೆಲೆ, ಸೋದರಮಾವ ಕೇಳಿದ್ದು ಕೆಜಿ ಬೆಲೆ. ನೀವು ಕೊಡುತ್ತಿರುವುದು ಕೆಜಿಗೆ 178. ಅವರು ನಕ್ಕಿದ್ದು ನೀವು ಕಡಿಮೆ ಹೇಳಿದಿರಿ ಅಂತ, ನಿಜವಾದ ಲೆಕ್ಕ ಕೇಳಿದ್ದರೆ ನಗುತ್ತಿರಲಿಲ್ಲ ಅನ್ನಿಸುತ್ತದೆ.

ಇದು ನಿಮ್ಮೊಬ್ಬರ ಕಥೆ ಅಲ್ಲ. ನಾನು 22 ವರ್ಷ ಅಂಗಡಿಗಳಿಗೆ ದಿನಸಿ ಖರೀದಿ ಮಾಡಿಕೊಡುವ ಕೆಲಸದಲ್ಲಿದ್ದೆ, ಈಗ ಮನೆ ಖರ್ಚಿನ ಲೆಕ್ಕ ನೋಡಿ ಸಲಹೆ ಹೇಳುತ್ತೇನೆ. ಒಳ್ಳೆ ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಕಂಪನಿಯ ಕೋಟಿಗಟ್ಟಲೆ ಲೆಕ್ಕ ಬರೆಯುವವರು, ಬೇಳೆ ಕೆಜಿಗೆ ಎಷ್ಟು ಅಂದರೆ ತಡವರಿಸುತ್ತಾರೆ. ಕಾರಣ ಸೋಮಾರಿತನ ಅಲ್ಲ. ಮೊದಲು ಸಾಮಾನು ತರುವಾಗ ಬೆಲೆ ಬಾಯಲ್ಲಿ ಬರುತ್ತಿತ್ತು. "ಎಷ್ಟು?" "ನೂರಾ ಹತ್ತು." "ನೂರೈದು ಮಾಡ್ಕೊಳ್ಳಿ." ಕೇಳಿದ್ದು, ಹೇಳಿದ್ದು, ಚೌಕಾಸಿ ಮಾಡಿದ್ದು ನೆನಪಿನಲ್ಲಿ ಉಳಿಯುತ್ತದೆ. ಈಗ ಬೆರಳು ಒತ್ತಿದರೆ ಆಯಿತು, ಕಣ್ಣಿಗೆ ಬೀಳುವುದು ಕೊನೆಯ ಮೊತ್ತ ಮಾತ್ರ. ನಿಮ್ಮ ಅತ್ತೆ ನಿಮಗಿಂತ ಜಾಣೆ ಅಂತಲ್ಲ, ಅವರು ತಕ್ಕಡಿ ಮುಂದೆ ನಿಂತು ಕೊಂಡವರು.

ಹಾಲಿನ ವಿಷಯ ನೋಡಿ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ರಾಜ್ಯದಲ್ಲಿ ಎಲ್ಲರಿಗೂ ಬೆಳಿಗ್ಗೆಯೇ ಗೊತ್ತಾಯಿತು. ದಿನಾ ಕೊಳ್ಳುವುದು, ಅದೇ ಪ್ಯಾಕೆಟ್, ಅಕ್ಕಪಕ್ಕದವರೂ ಅದನ್ನೇ ಮಾತಾಡುತ್ತಾರೆ. ಅದೇ ಹತ್ತು ರೂಪಾಯಿ ಬಿಸ್ಕತ್ ಪ್ಯಾಕೆಟ್ಟಿನಲ್ಲಿ ಎರಡು ಬಿಸ್ಕತ್ ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಲೆ ಅದೇ ಇದೆಯಲ್ಲ!

ಈಗ ವ್ಯಾಪಾರದ ಒಳಗಿನ ಒಂದು ಮಾತು ಹೇಳುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಅಂಗಡಿಗೆ ರೇಟು ಹಾಕುವಾಗ ನಾವು ಮಾಲನ್ನು ಎರಡು ಪಟ್ಟಿ ಮಾಡುತ್ತಿದ್ದೆವು. ಗಿರಾಕಿಗೆ ರೇಟು ಗೊತ್ತಿರುವ ಮಾಲು ಒಂದು, ಗೊತ್ತಿಲ್ಲದ ಮಾಲು ಇನ್ನೊಂದು. ಸಕ್ಕರೆ, ಸೂರ್ಯಕಾಂತಿ ಎಣ್ಣೆ, ಈರುಳ್ಳಿ ಮೊದಲನೇ ಪಟ್ಟಿ. ಇದರಲ್ಲಿ ಲಾಭ ನಾಮಕಾವಸ್ತೆ, ಕೆಲವೊಮ್ಮೆ ಅಸಲಿಗೇ ಕೊಡುತ್ತಿದ್ದೆವು, ಯಾಕೆಂದರೆ ಬಾಗಿಲಲ್ಲಿ ಬೋರ್ಡು ಹಾಕಿ ಜನರನ್ನು ಕರೆಯುವುದು ಇದೇ. ಜೀರಿಗೆ, ಕಾಳು ಮೆಣಸು, ಗಸಗಸೆ, ಗೋಡಂಬಿ ಎರಡನೇ ಪಟ್ಟಿ. ಮೊದಲನೇ ಪಟ್ಟಿಯಲ್ಲಿ ಬಿಟ್ಟ ಲಾಭವನ್ನೆಲ್ಲ ಇಲ್ಲಿ ತೆಗೆಯುತ್ತಿದ್ದೆವು. ನಿಮ್ಮ ಬಿಲ್ಲಿನಲ್ಲಿ ಜೀರಿಗೆ 50 ಗ್ರಾಂ 32 ರೂಪಾಯಿ ಅಂತಿದೆ. ಕೆಜಿಗೆ 640 ಆಯಿತು. ಮಂಡಿಯಲ್ಲಿ ಒಳ್ಳೆ ಜೀರಿಗೆ ಅದರ ಅರ್ಧದ ಆಸುಪಾಸಿನಲ್ಲಿ ಸಿಗುತ್ತದೆ. ಇದು ಮೋಸ ಅಲ್ಲ, ಯಾರೂ ಸುಳ್ಳು ಹೇಳಿಲ್ಲ, ಬೆಲೆ ಪ್ಯಾಕೆಟ್ ಮೇಲೇ ಇದೆ. ಆದರೆ ನಿಮಗೆ ಗೊತ್ತಿರುವ ಬೆಲೆ ನಿಮ್ಮನ್ನು ಕಾಯುತ್ತದೆ, ಗೊತ್ತಿಲ್ಲದ ಕಡೆ ಕಾಯುವವರು ಯಾರೂ ಇರುವುದಿಲ್ಲ.

ಇನ್ನು ನಿಮ್ಮ ಎರಡು ಬಿಲ್ಲು. ಸಾಲು ಸಾಲಾಗಿ ಕೂಡಿಸಿದೆ.

2022ರ ಮಾರ್ಚ್‌ನಲ್ಲಿ ಅಕ್ಕಿ, ಬೇಳೆಕಾಳು, ಎಣ್ಣೆ, ಸಕ್ಕರೆ, ಹಿಟ್ಟು, ರವೆ, ಸಾಂಬಾರ ಪದಾರ್ಥ, ಕಾಫಿಪುಡಿ ಎಲ್ಲ ಸೇರಿ 3,900. ಮಿಕ್ಕಿದ್ದು 1,900. ಈಗಿನ ಬಿಲ್ಲಿನಲ್ಲಿ ಇದೇ ಸಾಮಾನಿಗೆ 4,650, ಮಿಕ್ಕಿದ್ದು 4,950. ಏರಿದ 3,800 ರೂಪಾಯಿಯಲ್ಲಿ ಅಡುಗೆಯ ಮೂಲ ಸಾಮಾನಿನ ಪಾಲು ಬರೀ 750. ಐದರಲ್ಲಿ ಒಂದು ಪಾಲು ಅನ್ನಿ. ಯಜಮಾನರ ಮಾತು ಅಷ್ಟರ ಮಟ್ಟಿಗೆ ಸರಿ. ಇನ್ನು ನಾಲ್ಕು ಪಾಲು ಏರಿದ್ದು ಮಿಕ್ಕಿದ್ದರಲ್ಲಿ. ಈಗಿನ ಆ 4,950 ಎಲ್ಲಿ ಹೋಯಿತು? ಬಿಸ್ಕತ್, ನೂಡಲ್ಸ್, ಚಿಪ್ಸ್, ಜ್ಯೂಸ್, ಸಾಸ್, ಹಾಲಿಗೆ ಹಾಕಿ ತಿನ್ನುವ ಸಿಹಿ ಅವಲಕ್ಕಿ ತರದ್ದು ಸೇರಿ 2,450. ಸೋಪು, ನೆಲ ಒರೆಸುವ ದ್ರಾವಣ, ಪಾತ್ರೆ ತೊಳೆಯುವುದು 1,500. ಮನೆಯಲ್ಲಿ ಇದ್ದರೂ ಮತ್ತೆ ತರಿಸಿದ್ದು ಸುಮಾರು 700. ಡೆಲಿವರಿ, ಹ್ಯಾಂಡ್ಲಿಂಗ್ ಅಂತ ಹನ್ನೊಂದು ಸಲ ಕಟ್ಟಿದ ಚಿಲ್ಲರೆ 300.

ಬೇಜಾರು ಮಾಡಿಕೊಳ್ಳಬೇಡಿ, ಇಡೀ ದೇಶದ ಲೆಕ್ಕವೂ ಹೀಗೇ ಇದೆ. 2022-23ರಲ್ಲಿ ಕೇಂದ್ರ ಸರ್ಕಾರ ಮನೆಮನೆಯ ಖರ್ಚಿನ ಸಮೀಕ್ಷೆ ಮಾಡಿತು. ಪೇಟೆಯ ಮನೆಗಳಲ್ಲಿ ಅಕ್ಕಿ, ಗೋಧಿ, ರಾಗಿಯಂಥ ಧಾನ್ಯಕ್ಕೆ ಹೋಗುವುದು ಒಟ್ಟು ಖರ್ಚಿನಲ್ಲಿ ನೂರಕ್ಕೆ 4 ರೂಪಾಯಿಗಿಂತ ಕಡಿಮೆ. ಪಾನೀಯ, ತಿಂಡಿ, ಸಿದ್ಧ ಆಹಾರಕ್ಕೆ ನೂರಕ್ಕೆ 10ಕ್ಕಿಂತ ಜಾಸ್ತಿ. ಬೇಳೆ ದುಬಾರಿ ಅಂತ ನಾವು ಮಾತಾಡುತ್ತೇವೆ, ದುಡ್ಡು ಹೋಗುವ ದಾರಿ ಬೇರೆ. ಮಗು ಇರುವ ಮನೆಯಲ್ಲಿ ಬಿಸ್ಕತ್ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ದಿನಸಿ ಅಂತ ಬರೆದು ಬೈಗುಳವನ್ನು ತೊಗರಿ ಬೇಳೆಗೆ ಹಾಕಬೇಡಿ, ಬೇರೆ ಸಾಲಿನಲ್ಲಿ ಬರೆಯಿರಿ.

ಪೇಪರಿನಲ್ಲಿ ಬಂದಿದ್ದು ಸುಳ್ಳಾ ಅಂದಿರಿ. ಸುಳ್ಳಲ್ಲ. 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ. 0.25 ಅಂತ ಬಂತು, ಆಹಾರದ್ದಂತೂ ಸೊನ್ನೆಗಿಂತ ಕೆಳಗೆ, ಮೈನಸ್ 5ರ ಹತ್ತಿರ. ಆದರೆ ಆ ಲೆಕ್ಕ ಹೋಲಿಸುವುದು ಹಿಂದಿನ ವರ್ಷದ ಅದೇ ತಿಂಗಳ ಜೊತೆ. 2024ರ ಅಕ್ಟೋಬರ್‌ನಲ್ಲಿ ತರಕಾರಿ ಬೆಂಕಿಯಾಗಿತ್ತು, ಆಹಾರದ ಹಣದುಬ್ಬರ ಶೇ. 10 ದಾಟಿತ್ತು. ಅಷ್ಟು ಎತ್ತರದಿಂದ ನೋಡಿದರೆ ಮುಂದಿನ ವರ್ಷದ ಬೆಲೆ ತಗ್ಗಾಗಿಯೇ ಕಾಣುತ್ತದೆ. ನೀವು ಹೋಲಿಸುತ್ತಿರುವುದು 2022ರ ಜೊತೆ. ಎರಡೂ ಲೆಕ್ಕ ಸರಿ, ಅಳತೆಗೋಲು ಬೇರೆ. ಇನ್ನೊಂದು, ಹಣದುಬ್ಬರ ಕಡಿಮೆ ಆಯಿತು ಅಂದರೆ ಬೆಲೆ ಕಡಿಮೆ ಆಯಿತು ಅಂತ ಅಲ್ಲ, ಏರುವ ವೇಗ ಕಡಿಮೆ ಆಯಿತು ಅಂತ. ಸೊನ್ನೆಗಿಂತ ಕೆಳಗೆ ಹೋದರೆ ಮಾತ್ರ ಬೆಲೆ ಇಳಿದಿದೆ ಅಂತ. ಏರಿದ ಬೆಲೆ ಹೆಚ್ಚಿನ ಸಲ ಅಲ್ಲೇ ಕೂತಿರುತ್ತದೆ.

ಹಾಗಂತ ಎಲ್ಲವೂ ಏರುತ್ತಲೇ ಇರುತ್ತದೆ ಅನ್ನುವುದೂ ತಪ್ಪು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೇಟೊ ಬಾಕ್ಸು 2,000 ರೂಪಾಯಿ ದಾಟಿತ್ತು, ಅಂಗಡಿಯಲ್ಲಿ ಕೆಜಿಗೆ ನೂರರ ಮೇಲೆ. ಸೆಪ್ಟೆಂಬರ್ ಹೊತ್ತಿಗೆ ರೈತರಿಗೆ ಕಿತ್ತ ಕೂಲಿಯೂ ಹುಟ್ಟಲಿಲ್ಲ. ಏರಿದ್ದು ಎಲ್ಲರಿಗೂ ನೆನಪಿದೆ, ಇಳಿದದ್ದು ಬೆಳೆದವರಿಗೆ ಮಾತ್ರ ನೆನಪಿದೆ. ನಿಮ್ಮ ಬಿಲ್ಲಿನಲ್ಲೇ ನೋಡಿ, 2022ರ ಮಾರ್ಚ್‌ನಲ್ಲಿ ಸೂರ್ಯಕಾಂತಿ ಎಣ್ಣೆ ಲೀಟರಿಗೆ 185 ಕೊಟ್ಟಿದ್ದೀರಿ, ಈಗ 158. ಆಗ ಉಕ್ರೇನ್ ಯುದ್ಧ ಶುರುವಾಗಿ ತಿಂಗಳಾಗಿತ್ತು. ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿಂದ ಬರುವುದು. ಸೂರ್ಯಕಾಂತಿ ಬರುವುದೇ ಮುಖ್ಯವಾಗಿ ಉಕ್ರೇನ್, ರಷ್ಯಾ ಕಡೆಯಿಂದ. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ. ಅಲ್ಲಿ ಏನಾದರೂ ಆದರೆ ಇಲ್ಲಿ ನಿಮ್ಮ ಒಗ್ಗರಣೆಗೆ ತಟ್ಟುತ್ತದೆ. ದೆಹಲಿಯಲ್ಲಿ ಸುಂಕ ಬದಲಾದರೂ ಅಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕ ಸೊನ್ನೆಯಿಂದ ಶೇ. 20ಕ್ಕೆ ಹೋಯಿತು, 2025ರ ಮೇ ಕೊನೆಗೆ 10ಕ್ಕೆ ಇಳಿಯಿತು. ಎರಡು ಸಲವೂ ಅಂಗಡಿ ರೇಟು ಅಲುಗಾಡಿತು.

ಎಣ್ಣೆಯಲ್ಲಿ ಇನ್ನೊಂದು ಗಮನಿಸಿ. ನೀವು ಎರಡು ತರದ ಪ್ಯಾಕೆಟ್ ತರಿಸಿದ್ದೀರಿ. ಒಂದು 1 ಲೀಟರ್, ತೂಕ 910 ಗ್ರಾಂ, ಬೆಲೆ 158. ಇನ್ನೊಂದು 152 ರೂಪಾಯಿ, ಅಗ್ಗ ಅಂತ ತಗೊಂಡಿರಬೇಕು, ಅದರ ತೂಕ 850 ಗ್ರಾಂ. ಕೆಜಿ ಲೆಕ್ಕಕ್ಕೆ ತಂದರೆ ಮೊದಲನೆಯದು 174, ಎರಡನೆಯದು 179. ಅಗ್ಗ ಅಂದುಕೊಂಡದ್ದೇ ದುಬಾರಿ. ಮೊದಲು ಅಕ್ಕಿ, ಹಿಟ್ಟು, ಎಣ್ಣೆಯನ್ನೆಲ್ಲ ಇಂತಿಷ್ಟೇ ತೂಕದ ಪ್ಯಾಕೆಟ್ಟಿನಲ್ಲಿ ಮಾರಬೇಕು ಅಂತ ನಿಯಮ ಇತ್ತು. ಆಮೇಲೆ ಅದು ಹೋಯಿತು. ಬದಲಿಗೆ ಪ್ಯಾಕೆಟ್ ಮೇಲೆ ಗ್ರಾಂಗೆ ಎಷ್ಟು ಅಥವಾ ಕೆಜಿಗೆ ಎಷ್ಟು ಅಂತ ಬರೆಯಲೇಬೇಕು ಅಂತ ಬಂತು. ಎಂಆರ್‌ಪಿ ಹತ್ತಿರ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇವತ್ತೇ ಒಂದು ಪ್ಯಾಕೆಟ್ ತೆಗೆದು ಹುಡುಕಿ ನೋಡಿ. ಒಂದು ಕೆಜಿಗಿಂತ ಚಿಕ್ಕದಾದರೆ ಗ್ರಾಂ ಲೆಕ್ಕ ಇರುತ್ತದೆ, ಸಾವಿರದಿಂದ ಗುಣಿಸಿದರೆ ಕೆಜಿ ಬೆಲೆ ಸಿಕ್ಕಿತು.

ಎಂಆರ್‌ಪಿ ಅಂದೆನಲ್ಲ, ಅದು ನಿಜವಾದ ಬೆಲೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಇದಕ್ಕಿಂತ ಜಾಸ್ತಿಗೆ ಮಾರಬಾರದು ಅನ್ನುವ ಗೆರೆ, ಅಷ್ಟೇ. ಆ ಗೆರೆಯನ್ನು ಎಷ್ಟು ಮೇಲೆ ಎಳೆಯಬೇಕು ಅನ್ನುವುದು ಪ್ಯಾಕ್ ಮಾಡುವವರ ಕೈಯಲ್ಲಿದೆ. ನಿಮ್ಮ ಬೇಳೆ ಪ್ಯಾಕೆಟ್ಟಿಗೆ ಎಂಆರ್‌ಪಿ 110, ಶೇ. 19 ರಿಯಾಯಿತಿ, 89 ಅಂತ ಬಂದಿದೆ. 110ಕ್ಕೆ ಅದನ್ನು ಯಾರೂ ಮಾರುವುದೇ ಇಲ್ಲ. ರಿಯಾಯಿತಿ ಎಷ್ಟು ಅಂತ ನೋಡುವ ಬದಲು ಕೆಜಿಗೆ ಎಷ್ಟು ಬಿತ್ತು ಅಂತ ನೋಡಿ.

ಹಾಗಾದರೆ ಬೇಳೆಗೆ ಸರಿಯಾದ ಬೆಲೆ ಯಾವುದು? ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. 2025-26ಕ್ಕೆ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 8,000. ನಮ್ಮಲ್ಲಿ ತೊಗರಿ ಅಂದರೆ ಕಲಬುರಗಿ. ಅಲ್ಲಿನ ಕಾಳು ಮಿಲ್ಲಿಗೆ ಹೋದರೆ ನೂರು ಕೆಜಿ ಕಾಳಿಗೆ ಹೆಚ್ಚೂಕಡಿಮೆ 70 ಕೆಜಿ ಬೇಳೆ ಬರುತ್ತದೆ. ಮಿಕ್ಕಿದ್ದು ಹೊಟ್ಟು, ನುಚ್ಚು, ದನಗಳ ಮೇವಿಗೆ ಹೋಗುತ್ತದೆ, ಅದಕ್ಕೂ ಸ್ವಲ್ಪ ದುಡ್ಡು ಹುಟ್ಟುತ್ತದೆ. 8,000ವನ್ನು 70ರಿಂದ ಭಾಗಿಸಿ, 114 ರೂಪಾಯಿ. ಹೊಟ್ಟಿನ ದುಡ್ಡು ಕಳೆದು, ಮಿಲ್ಲಿನ ಖರ್ಚು, ಲಾರಿ ಬಾಡಿಗೆ, ಅಂಗಡಿಯವರ ಲಾಭ ಕೂಡಿಸಿ, ಕಾಳು ಬೆಂಬಲ ಬೆಲೆಗೆ ಮಾರಾಟವಾದ ವರ್ಷ ಒಳ್ಳೆ ಬೇಳೆ ಲೂಸ್‌ನಲ್ಲಿ 125, 130ಕ್ಕೆ ಸಿಗಬೇಕು. ರೈತರಿಗೆ ಬೆಂಬಲ ಬೆಲೆಯೂ ಸಿಗದ ವರ್ಷ ಅದಕ್ಕಿಂತ ಇಳಿಯುತ್ತದೆ, ಹಾಗೆ ಇಳಿದದ್ದು ನಮಗೆ ಖುಷಿ ಆದರೂ ಬೆಳೆದವರ ಹೊಟ್ಟೆಗೆ ಹೊಡೆತ ಅನ್ನುವುದು ನೆನಪಿರಲಿ. ಬೆಳೆ ಕೆಟ್ಟ ವರ್ಷ ಏರುತ್ತದೆ. 2022ರಲ್ಲಿ ಕಲಬುರಗಿ ಕಡೆ ನೆಟೆ ರೋಗ ಬಂದು ಹೊಲಕ್ಕೆ ಹೊಲ ಒಣಗಿತು, 2023ರಲ್ಲಿ ರಾಜ್ಯಕ್ಕೇ ಬರ, ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ಬೇಳೆಕಾಳು ಬಂದರೂ ಸಾಲದೆ 2024ರಲ್ಲಿ ಬೇಳೆ 170, 180ಕ್ಕೆ ಹೋಯಿತು. ಆಗ 178 ಕೊಟ್ಟಿದ್ದರೆ ನಾನೇನೂ ಹೇಳುತ್ತಿರಲಿಲ್ಲ. ಈಗ ಕೊಡುತ್ತಿದ್ದೀರಿ ಅನ್ನುವುದೇ ತೊಂದರೆ. ತಿಂಗಳಿಗೆ ಮೂರು ಕೆಜಿಗೆ ನೂರೈವತ್ತು ರೂಪಾಯಿ ಹತ್ತಿರ ಸುಮ್ಮನೆ ಹೋಗುತ್ತಿದೆ.

ಅಕ್ಕಿಯಲ್ಲೂ ಹೀಗೇ ಆಗಿದೆ. ನೀವು ತರಿಸಿದ್ದು 10 ಕೆಜಿಯ ಎರಡು, 5 ಕೆಜಿಯ ಒಂದು ಪ್ಯಾಕ್, ಒಟ್ಟು 1,735, ಕೆಜಿಗೆ 69 ಚಿಲ್ಲರೆ. ಅಕ್ಕಿ ಅಂಗಡಿಯಲ್ಲಿ 26 ಕೆಜಿ ಚೀಲ ನೋಡಿರುತ್ತೀರಿ. 25 ಇರುವ ಕಡೆ 26 ಯಾಕೆ ಅಂತ ಯೋಚಿಸಿದ್ದೀರಾ? 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟಿಗೆ 25 ಕೆಜಿವರೆಗೆ ಶೇ. 5 ಜಿಎಸ್‌ಟಿ ಬಂತು. 25 ದಾಟಿದರೆ ಇಲ್ಲ, ಲೂಸ್ ತಗೊಂಡರೂ ಇಲ್ಲ. ಅದಕ್ಕೇ 26 ಕೆಜಿ ಚೀಲ ಹುಟ್ಟಿದ್ದು. ತೆರಿಗೆ ಉಳಿತಾಯ, ಸಣ್ಣ ಪ್ಯಾಕಿಂಗ್ ಖರ್ಚಿಲ್ಲ, ಎರಡೂ ಸೇರಿ ಅದೇ ತರದ ಸೋನಾ ಮಸೂರಿ ಕೆಜಿಗೆ ಎಂಟ್ಹತ್ತು ರೂಪಾಯಿ ಕಡಿಮೆ ಬೀಳುತ್ತದೆ. ಐದು ಜನರ ಮನೆಗೆ ತಿಂಗಳಿಗೆ ಒಂದು ಚೀಲ ಬೇಕೇ ಬೇಕು. ಹೊಸ ಅಕ್ಕಿಯೋ ಹಳೇದೋ ಅಂತ ಮಾತ್ರ ಕೇಳಿ ತನ್ನಿ. ಹಳೇ ಅಕ್ಕಿ ದುಬಾರಿ, ಆದರೆ ಅನ್ನ ಜಾಸ್ತಿ ಆಗುತ್ತದೆ, ಮುದ್ದೆ ಕಟ್ಟುವುದಿಲ್ಲ. ಇಡ್ಲಿ ದೋಸೆಗೆ ಅದು ಬೇಕಿಲ್ಲ.

ಲೂಸ್ ಸಾಮಾನಿನ ಭಯಕ್ಕೆ ಬರುತ್ತೇನೆ. ನಿಮ್ಮ ಭಯ ಅರ್ಧ ಸರಿ. ಪುಡಿ ಮತ್ತು ಎಣ್ಣೆ ಲೂಸ್ ಬೇಡವೇ ಬೇಡ. ಖಾರದ ಪುಡಿ, ಅರಿಶಿನ ಪುಡಿ, ಧನಿಯಾ ಪುಡಿ ಪ್ಯಾಕ್ ಆಗಿಯೇ ಮಾರಬೇಕು ಅಂತ ಆಹಾರ ಸುರಕ್ಷತೆಯ ನಿಯಮವೇ ಇದೆ, ಯಾಕೆಂದರೆ ಪುಡಿಯಲ್ಲಿ ಏನು ಬೆರೆತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಗಾಣದ ಎಣ್ಣೆ ತರುವುದಾದರೂ ಲೈಸೆನ್ಸ್ ನಂಬರ್ ಇರುವ ಬಾಟಲಿಯಲ್ಲೇ ತನ್ನಿ. ಆದರೆ ಇಡೀ ಕಾಳು, ಬೇಳೆ, ಅಕ್ಕಿ, ಇಡೀ ಜೀರಿಗೆ, ಒಣ ಮೆಣಸಿನಕಾಯಿ ಲೂಸ್ ತಂದರೆ ತೊಂದರೆ ಇಲ್ಲ. ಮುಚ್ಚಿದ ಪ್ಯಾಕೆಟ್ಟಿಗಿಂತ ಬಿಚ್ಚಿದ ಚೀಲವನ್ನು ಚೆನ್ನಾಗಿ ನೋಡಬಹುದು.

ಮಂಡಿಯಲ್ಲಿ ನಾವು ಹೇಗೆ ನೋಡುತ್ತಿದ್ದೆವು ಗೊತ್ತಾ? ಚೀಲದ ಮೇಲಿನದನ್ನು ನಂಬುತ್ತಿರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ ಒಳಗಿಂದ ಒಂದು ಹಿಡಿ ತೆಗೆಯುವುದು. ಅಂಗೈ ಮೇಲೆ ಹರಡಿ ಬೆಳಕಿಗೆ ಹಿಡಿಯುವುದು. ಒಂದು ಕೈಯಿಂದ ಇನ್ನೊಂದು ಕೈಗೆ ಎರಡು ಮೂರು ಸಲ ಸುರಿದು, ಕೊನೆಗೆ ಖಾಲಿ ಅಂಗೈ ನೋಡುವುದು. ಬಿಳಿ ಹಿಟ್ಟು ಅಂಟಿದ್ದರೆ ಒಳಗೆ ಹುಳ ಕೆಲಸ ಶುರು ಮಾಡಿದೆ. ಜಿಡ್ಡು ಅಂಟಿ ಬೇಳೆ ಮಿರಮಿರ ಮಿಂಚುತ್ತಿದ್ದರೆ ಪಾಲಿಶ್ ಜಾಸ್ತಿ. ಆಮೇಲೆ ಒಂದು ಬೇಳೆ ಹಲ್ಲಲ್ಲಿ ಕಚ್ಚುವುದು. ಟಕ್ ಅಂತ ಮುರಿಯಬೇಕು, ಮೆತ್ತಗೆ ಚಪ್ಪಟೆಯಾದರೆ ತೇವ ಇದೆ, ತಿಂಗಳು ಬಾಳುವುದಿಲ್ಲ. ತೊಗರಿ ಬೇಳೆ ದುಂಡಗೆ ಇರುತ್ತದೆ, ಮಧ್ಯೆ ಒಂದು ಕಡೆ ಇಳಿಜಾರಾಗಿ ಚೌಕಾಕಾರದ ಬೇಳೆ ಕಂಡರೆ ಕೇಸರಿ ಬೇಳೆ ಅನ್ನುವ ಬೇರೆ ಕಾಳಿನ ಬೇಳೆ ಬೆರೆತಿರಬಹುದು, ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಉಗುರುಬೆಚ್ಚಗಿನ ನೀರಿಗೆ ಒಂದು ಹಿಡಿ ಹಾಕಿ, ನೀರು ಕೂಡಲೇ ಗಾಢ ಹಳದಿಯಾದರೆ ಬಣ್ಣ ಹಾಕಿದ್ದಾರೆ ಅಂತ, ವಾಪಸ್ ಕೊಡಿ. ನಿಮ್ಮ ಅತ್ತೆಗೆ ಇದರಲ್ಲಿ ಅರ್ಧ ಗೊತ್ತಿರುತ್ತದೆ. ಒಂದು ಸಲ ಜೊತೆಯಲ್ಲಿ ಹೋಗಿ ಬನ್ನಿ.

ಆದರೆ ವರ್ಷಕ್ಕಾಗುವಷ್ಟು ತರುವ ಅವರ ಮಾತಿಗೆ ನಾನು ಪೂರ್ತಿ ಒಪ್ಪುವುದಿಲ್ಲ. ಅವರ ಕಾಲದಲ್ಲಿ ಅಂಗಳ ಇತ್ತು, ಬಿಸಿಲು ಇತ್ತು, ಚಾಪೆ ಹಾಸಿ ಒಣಗಿಸಿ, ಹರಳೆಣ್ಣೆ ಸವರಿ, ಬೇವಿನ ಸೊಪ್ಪು ಹಾಕಿ ಡಬ್ಬಿಗೆ ತುಂಬುವ ಕೈಗಳಿದ್ದವು. ಫ್ಲಾಟಿನಲ್ಲಿ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಹದಿನೈದು ಕೆಜಿ ಬೇಳೆಗೆ ಹುಳ ಬಿದ್ದರೆ ಉಳಿಸಿದ್ದೆಲ್ಲ ಒಂದೇ ಸಲಕ್ಕೆ ಹೋಯಿತು. ಬೆಲೆಯೂ ಕೈಕೊಡಬಹುದು. 2024ರಲ್ಲಿ ಇನ್ನೂ ಏರುತ್ತದೆ ಅಂತ ಬೇಳೆ ತುಂಬಿಸಿಟ್ಟವರು 2025ರಲ್ಲಿ ಅಂಗಡಿ ರೇಟು ನೋಡಿ ಕೈ ಹಿಸುಕಿಕೊಂಡರು. ಇನ್ನೊಂದು ಮಾತು ಕಡ್ಡಾಯವಾಗಿ ನೆನಪಿಡಿ. ಹುಳ ಬರದಿರಲಿ ಅಂತ ಗೋದಾಮಿನಲ್ಲಿ ಇಡುವ ಫಾಸ್ಫೈಡ್ ಗುಳಿಗೆಯನ್ನು ಯಾರು ಕೊಟ್ಟರೂ ಮನೆಯೊಳಗೆ ತರಬೇಡಿ. ಅದರಿಂದ ಬರುವ ಗಾಳಿಗೆ ಮಲಗಿದವರು ಮಲಗಿದ ಹಾಗೇ ಪ್ರಾಣ ಬಿಟ್ಟಿದ್ದಾರೆ. ಬೋರಿಕ್ ಪುಡಿಯೂ ಬೇಡ.

ವರ್ಷಕ್ಕೆ ಒಂದೇ ಸಲ ತಂದಿಡಬಹುದಾದದ್ದು ಎರಡೇ, ಒಣ ಮೆಣಸಿನಕಾಯಿ ಮತ್ತು ಹುಣಸೆಹಣ್ಣು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಬ್ಯಾಡಗಿಗೆ ಮೆಣಸಿನಕಾಯಿ, ತುಮಕೂರಿಗೆ ಹುಣಸೆ ಹೊಸದಾಗಿ ಬಂದು ಬೀಳುತ್ತದೆ, ಬಿಸಿಲೂ ಇರುತ್ತದೆ. ರಾಗಿಯೂ ಚೆನ್ನಾಗಿ ಬಾಳುತ್ತದೆ, ಕಾಳಾಗಿ ತಂದಿಟ್ಟು ಬೇಕಾದಷ್ಟೇ ಬೀಸಿಸಿ. ತೊಗರಿ ಬೇಳೆ ಹೊಸ ಮಾಲು ಜನವರಿ, ಫೆಬ್ರವರಿಯಲ್ಲಿ ಬರುತ್ತದೆ, ಆಗ ಮೂರು ತಿಂಗಳಿಗೆ ಆಗುವಷ್ಟು ಸಾಕು. ಹೆಸರು, ಉದ್ದು ಗದಗ ಕಡೆಯಿಂದ ಆಗಸ್ಟ್, ಸೆಪ್ಟೆಂಬರ್‌ಗೆ ಶುರು. ಹಿಟ್ಟು, ರವೆ ತಿಂಗಳಿಗಿಂತ ಜಾಸ್ತಿ ಇಡಬೇಡಿ.

ಎಲ್ಲಿ ಕೊಳ್ಳಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಸಂತೇಪೇಟೆಗೆ ಎರಡು ತಿಂಗಳಿಗೊಮ್ಮೆ ಹೋಗಿ ಅಕ್ಕಿ, ಬೇಳೆ, ಸಾಂಬಾರ ಪದಾರ್ಥ ತನ್ನಿ. ನಿಮ್ಮ ಬಿಲ್ಲು ನೋಡಿದರೆ ತಿಂಗಳಿಗೆ ಐನೂರು ರೂಪಾಯಿ ಹತ್ತಿರ ಉಳಿಯುತ್ತದೆ, ಆಟೋ ಖರ್ಚು ಕಳೆದೂ ಲಾಭವೇ. ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ಎಣ್ಣೆ, ಸಕ್ಕರೆ, ಸೋಪು ನಿಜವಾಗಲೂ ಅಗ್ಗ ಇರುತ್ತದೆ, ಆದರೆ ತಳ್ಳುಗಾಡಿ ಹಿಡಿದರೆ ಪಟ್ಟಿಯಲ್ಲಿ ಇಲ್ಲದ್ದೂ ಅದರೊಳಗೆ ಬರುತ್ತದೆ, ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಬೀದಿ ಕೊನೆಯ ಕಿರಾಣಿ ಅಂಗಡಿ ಕೆಜಿಗೆ ನಾಲ್ಕೈದು ರೂಪಾಯಿ ಜಾಸ್ತಿ ಇರಬಹುದು, ಆದರೆ ಕೆಟ್ಟಿದ್ದರೆ ವಾಪಸ್ ತಗೊಳ್ಳುತ್ತಾರೆ, ನೂರು ಗ್ರಾಂ ಕೇಳಿದರೂ ಕೊಡುತ್ತಾರೆ, ಕೈಯಲ್ಲಿ ದುಡ್ಡಿಲ್ಲದ ದಿನ ಬರೆದುಕೊಳ್ಳುತ್ತಾರೆ. ಅದಕ್ಕೂ ಒಂದು ಬೆಲೆ ಇದೆ ಅಂತ ನಾನು ನಂಬಿದ್ದೇನೆ. ಫೋನು ಬಿಡಿ ಅನ್ನುವುದಿಲ್ಲ, ಎರಡು ಸಂಬಳದ ಮನೆಗೆ ಸಮಯವೂ ದುಡ್ಡೇ. ವಾರಕ್ಕೆ ಒಂದೇ ಸಲ ಆರ್ಡರ್ ಅಂತ ಇಟ್ಟುಕೊಳ್ಳಿ. ತರಕಾರಿ ತಗೊಳ್ಳುವಾಗ ಅದು 500 ಗ್ರಾಂ ಬೆಲೆಯೋ, 250 ಗ್ರಾಂ ಬೆಲೆಯೋ ನೋಡಿ. ತೂಕದಲ್ಲಿ ಮೋಸ, ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ನಾನು ಕೆಲಸ ಕಲಿತ ಮಂಡಿಯಲ್ಲಿ ಯಜಮಾನರು ಬೆಳಿಗ್ಗೆ ಬಂದ ತಕ್ಷಣ ಒಂದು ಸ್ಲೇಟು ಕೈಗೆ ಕೊಡುತ್ತಿದ್ದರು. ಹತ್ತು ಮಾಲು, ಹತ್ತು ರೇಟು, ನಿನ್ನೆಯದರ ಪಕ್ಕದಲ್ಲಿ ಇವತ್ತಿನದು. ಇನ್ನೇನೂ ಬರೆಯುವ ಹಾಗಿಲ್ಲ. ಮೂರು ತಿಂಗಳಾದ ಮೇಲೆ ಸ್ಲೇಟು ನೋಡದೆ ಹೇಳುತ್ತಿದ್ದೆ. ನೀವೂ ಹತ್ತೇ ಸಾಮಾನು ಇಟ್ಟುಕೊಳ್ಳಿ. ಅಕ್ಕಿ, ತೊಗರಿ ಬೇಳೆ, ಉದ್ದಿನ ಬೇಳೆ, ಕಡಲೆ ಬೇಳೆ, ಎಣ್ಣೆ, ಸಕ್ಕರೆ, ಗೋಧಿ ಹಿಟ್ಟು, ಈರುಳ್ಳಿ, ಟೊಮೇಟೊ, ತೆಂಗಿನಕಾಯಿ. ತಿಂಗಳಿಗೆ ಒಂದು ಸಲ ಕ್ಯಾಲೆಂಡರ್ ಹಿಂದೆ ಬರೆಯಿರಿ, ಕೆಜಿ ಲೆಕ್ಕದಲ್ಲೇ ಬರೆಯಿರಿ, ಕಾಯಿ ಮಾತ್ರ ಒಂದಕ್ಕೆ. ಮಂಡಿ ರೇಟು ಬೇಕಾದರೆ ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನಾ ಹಾಕುತ್ತಾರೆ, ಕ್ವಿಂಟಲ್ ಲೆಕ್ಕ ಇರುತ್ತದೆ, ನೂರರಿಂದ ಭಾಗಿಸಿಕೊಳ್ಳಿ. ತರಕಾರಿ, ಹಣ್ಣಿಗೆ ಹಾಪ್‌ಕಾಮ್ಸ್ ಮಳಿಗೆಯ ಮುಂದಿನ ಬೋರ್ಡು ಒಂದು ಕಣ್ಣಳತೆಗೆ ಸಾಕು.

ಮಗಳ ವಿಷಯ. ಹೌದು, ಕಲಿಸಿ, ಆದರೆ ಪಾಠ ಹೇಳಿ ಅಲ್ಲ. ಶನಿವಾರ ಸಂಜೆ ಅಜ್ಜಿಯ ಜೊತೆ ಬೀದಿ ಕೊನೆಯ ಅಂಗಡಿಗೆ ಕಳಿಸಿ. ಕೈಗೆ ನೂರು ರೂಪಾಯಿ ನೋಟು ಕೊಡಿ. ಅರ್ಧ ಕೆಜಿ ಈರುಳ್ಳಿ, ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಒಂದು ನಿಂಬೆಹಣ್ಣು. ಕೆಜಿಗೆ ಎಷ್ಟು ಅಂತ ಅವಳೇ ಬಾಯಿಬಿಟ್ಟು ಕೇಳಲಿ, ಉಳಿದ ಚಿಲ್ಲರೆ ಅವಳೇ ಎಣಿಸಿ ತರಲಿ. ಅಜ್ಜಿ ಸುಮ್ಮನೆ ಪಕ್ಕದಲ್ಲಿ ನಿಂತಿರಲಿ.